ಬ್ರೌಸರಿಗೆ ಕಟ್ಟಿದ ಬಾಲಂಗೋಚಿಗಳು

ಗಾಳಿಪಟಕ್ಕೆ ಬಾಲಂಗೋಚಿ ಬೇಕು. ಅದಿಲ್ಲದಿದ್ದರೆ ಪಟವು ಗಿರಕಿ ಹೊಡೆದು ನೆಲ ಕಚ್ಚುತ್ತದೆ. ಆದರೆ ಬಾಲಂಗೋಚಿಯ ಮೇಲೆ ಬಾಲಂಗೋಚಿಯನ್ನು ಕಟ್ಟುತ್ತಾ ಹೋದರೆ ಪಟವು ಮೇಲೇಳುವುದೇ ಇಲ್ಲ. ಇಂದು ಅನೇಕ ಮನೆಗಳ ಕಂಪ್ಯೂಟರಿನಲ್ಲಿರುವ ಬ್ರೌಸರಿನ ಅವಸ್ಥೆಯೂ ಇದೇ ಆಗಿದೆ.

ವಿದ್ಯುತ್ ಬಿಲ್ಲು ಕಟ್ಟಲು ಕುಳಿತ ಗೃಹಸ್ಥರು ಹಣ ಪಾವತಿಯ ಗುಂಡಿಯನ್ನು ಎಷ್ಟು ಒತ್ತಿದರೂ ಅದು ಮಿಸುಕುವುದಿಲ್ಲ. ಪರೀಕ್ಷೆಯ ಅರ್ಜಿ ತುಂಬುತ್ತಿರುವ ಮಗಳಿಗೆ, ಕಡೆಯ ದಿನದಂದೇ, ಪುಟದ ಅರ್ಧಭಾಗ ಬರಿದಾಗಿ ಕಾಣುತ್ತದೆ. ಹುಡುಕಿದ್ದು ಒಂದಾದರೆ ತೆರೆದುಕೊಳ್ಳುವುದು ಯಾವುದೋ ಅಂಗಡಿಯ ಜಾಹೀರಾತು. ಆಗ ಮನೆಮಂದಿಯೆಲ್ಲ ಇಂಟರ್‌ನೆಟ್ಟನ್ನು ಶಪಿಸುತ್ತಾರೆ. ಯಂತ್ರ ಹಳೆಯದಾಯಿತೆಂದು ನಿಟ್ಟುಸಿರಿಡುತ್ತಾರೆ. ಹೊಸದನ್ನು ಕೊಳ್ಳುವ ಮಾತೂ ಹೊರಡುತ್ತದೆ. ಎಷ್ಟೋ ವೇಳೆ ನಿಜವಾದ ಅಪರಾಧಿಯು ನಾವೇ ಕರೆದು ಒಳಗೆ ಕೂರಿಸಿದ ಅತಿಥಿಯಾಗಿರುತ್ತದೆ. ಅದರ ಹೆಸರು ಆಡ್-ಆನ್ ಅಥವಾ ಎಕ್ಸ್‌ಟೆನ್ಷನ್.

ಉಪಕಾರಿ ಹೇಗೆ ಉಪದ್ರವಕಾರಿಯಾಗುತ್ತದೆ?

ಆಡ್-ಆನ್ ಎಂಬುದು ಬ್ರೌಸರಿಗೆ ಹೊರಗಿನಿಂದ ಸೇರಿಸುವ ಒಂದು ಪುಟ್ಟ ಪ್ರೋಗ್ರಾಮು. ಒಂದು ಜಾಹೀರಾತುಗಳನ್ನು ತಡೆಯುತ್ತದೆ, ಮತ್ತೊಂದು ಪಾಸ್‌ವರ್ಡುಗಳನ್ನು ನೆನಪಿಡುತ್ತದೆ, ಇನ್ನೊಂದು ಬರವಣಿಗೆಯ ತಪ್ಪನ್ನು ತಿದ್ದುತ್ತದೆ. 2004ರ ನವೆಂಬರಿನಲ್ಲಿ ಹೊರಬಂದ ಫೈರ್‌ಫಾಕ್ಸ್ ಜನಪ್ರಿಯವಾಗುವುದಕ್ಕೆ ಈ ಸೌಕರ್ಯವೂ ಒಂದು ಕಾರಣ. ಕ್ರೋಮ್ ಬ್ರೌಸರಿಗೆ 2010ರಲ್ಲಿ ಇದೇ ಅನುಕೂಲ ದೊರೆಯಿತು.

ಇವುಗಳ ಕಾರ್ಯವಿಧಾನವನ್ನು ಗಮನಿಸಿದರೆ ತೊಂದರೆಯ ಮೂಲವೂ ತಿಳಿಯುತ್ತದೆ. ಪುಟವೊಂದು ಬ್ಯಾಂಕಿನಿಂದಲೋ ಪತ್ರಿಕೆಯಿಂದಲೋ ಬಂದು ನಮ್ಮ ಕಣ್ಣಿಗೆ ಬೀಳುವ ನಡುವೆ ಆಡ್-ಆನ್ ಕೈ ಹಾಕಿ, ಕೆಲವನ್ನು ತೆಗೆಯುತ್ತದೆ, ಕೆಲವನ್ನು ಸೇರಿಸುತ್ತದೆ. ಜಾಹೀರಾತೆಂದು ಬಗೆದು ಹಣ ಪಾವತಿಯ ಕಿಟಕಿಯನ್ನೇ ಅದು ತಡೆದುಬಿಟ್ಟರೆ ಗುಂಡಿ ಕೆಲಸ ಮಾಡದು. ಎರಡು ಆಡ್-ಆನ್‌ಗಳು ಒಂದೇ ಪುಟವನ್ನು ತಮತಮಗೆ ತೋಚಿದಂತೆ ತಿದ್ದಹೊರಟರೆ, ಒಂದೇ ಒಲೆಯ ಮುಂದೆ ಇಬ್ಬರು ಅಡಿಗೆಯವರು ನಿಂತಂತಾಗುತ್ತದೆ.

ನಿನ್ನೆಯವರೆಗೆ ಸರಿಯಾಗಿದ್ದುದು ಇಂದು ಏಕೆ ಕೆಟ್ಟಿತು ಎಂದು ಕೇಳುವವರುಂಟು. ಆಡ್-ಆನ್‌ಗಳು ಸಾಮಾನ್ಯವಾಗಿ ನಮ್ಮನ್ನು ಕೇಳದೆ ತಮ್ಮಷ್ಟಕ್ಕೆ ತಾವೇ ನವೀಕರಣಗೊಳ್ಳುತ್ತವೆ. ಬ್ರೌಸರೂ ಬದಲಾಗುತ್ತದೆ. 2017ರ ನವೆಂಬರ್ 14ರಂದು ಫೈರ್‌ಫಾಕ್ಸಿನ 57ನೆಯ ಆವೃತ್ತಿ ಬಂದಾಗ ಹಳೆಯ ಮಾದರಿಯ ಆಡ್-ಆನ್‌ಗಳೆಲ್ಲ ಒಮ್ಮೆಗೇ ನಿಷ್ಪ್ರಯೋಜಕವಾದವು.

ಅಪರಾಧಿಯನ್ನು ಹಿಡಿಯುವ ಕ್ರಮ

ಮೊದಲು ಅದೇ ಪುಟವನ್ನು ಬೇರೊಂದು ಬ್ರೌಸರಿನಲ್ಲಿ ತೆರೆದು ನೋಡಿರಿ. ಅಲ್ಲಿಯೂ ತೆರೆಯದಿದ್ದರೆ ದೋಷವು ಬಹುಶಃ ಪುಟದಲ್ಲಿಯೋ ಸಂಪರ್ಕದಲ್ಲಿಯೋ ಇದೆ. ಅಲ್ಲಿ ಸರಿಯಾಗಿದ್ದರೆ ಮುಂದಿನ ಹೆಜ್ಜೆ ಇಡಬಹುದು.

ಫೈರ್‌ಫಾಕ್ಸಿನ ಮೆನುವಿನಲ್ಲಿ ‘ಹೆಲ್ಪ್’ ಎಂಬಲ್ಲಿ ‘ಟ್ರಬಲ್‌ಶೂಟ್ ಮೋಡ್’ ಎಂಬ ಏರ್ಪಾಡಿದೆ. ಅದನ್ನು ಆರಿಸಿದರೆ ಆಡ್-ಆನ್‌ಗಳೆಲ್ಲ ತಾತ್ಕಾಲಿಕವಾಗಿ ನಿದ್ರೆ ಹೋಗುತ್ತವೆ. ಕ್ರೋಮ್‌ನಲ್ಲಿ ‘ಇನ್‌ಕಾಗ್ನಿಟೊ’ ಕಿಟಕಿಯನ್ನು ತೆರೆಯಬಹುದು. ನಾವಾಗಿ ಅನುಮತಿ ಕೊಟ್ಟಿರದ ಹೊರತು ಎಕ್ಸ್‌ಟೆನ್ಷನ್‌ಗಳು ಅದರೊಳಗೆ ಕಾಲಿಡುವುದಿಲ್ಲ. ತೊಂದರೆ ಇಲ್ಲಿ ಮಾಯವಾಯಿತೆಂದರೆ ಸಂದೇಹ ಬಲವಾಯಿತು. ಆದರೂ ತೀರ್ಪು ಕೊಡಲು ಅವಸರ ಬೇಡ. ಟ್ರಬಲ್‌ಶೂಟ್ ಮೋಡ್ ಹಾರ್ಡ್‌ವೇರ್ ಆಕ್ಸಲರೇಷನ್ ಮೊದಲಾದ ಕೆಲವು ವ್ಯವಸ್ಥೆಗಳನ್ನೂ ನಿಲ್ಲಿಸುತ್ತದೆ. ಇನ್‌ಕಾಗ್ನಿಟೊ ಕಿಟಕಿ ಹಳೆಯ ಕುಕಿಗಳನ್ನು ಬಳಸುವುದಿಲ್ಲ. ಆದುದರಿಂದ ಮಾಮೂಲಿನ ಕಿಟಕಿಗೆ ಮರಳಿ ಆಡ್-ಆನ್‌ಗಳನ್ನಷ್ಟೇ ಆರಿಸಿ ಪರೀಕ್ಷಿಸಬೇಕು.

ಆಡ್-ಆನ್‌ಗಳ ಪಟ್ಟಿಯನ್ನು ತೆರೆದರೆ ಒಂದೊಂದರ ಮುಂದೆಯೂ ಒಂದು ಸ್ವಿಚ್ಚಿರುತ್ತದೆ. ನಾಲ್ಕೈದೇ ಇದ್ದರೆ ಎಲ್ಲವನ್ನೂ ಆರಿಸಿ, ಒಂದೊಂದಾಗಿ ಹೊತ್ತಿಸಿ, ಪ್ರತಿ ಸಲವೂ ಪುಟವನ್ನು ಮತ್ತೆ ತೆರೆದು ನೋಡಿದರೆ ಸಾಕು. ಹದಿನಾರು ಇದ್ದರೇನು ಗತಿ? ಎಂಟನ್ನು ಆರಿಸಿರಿ. ತೊಂದರೆ ನಿಂತರೆ ಅಪರಾಧಿ ಆರಿಸಿದ ಎಂಟರಲ್ಲಿದೆ; ನಿಲ್ಲದಿದ್ದರೆ ಉಳಿದ ಎಂಟರಲ್ಲಿದೆ. ಆ ಎಂಟನ್ನು ನಾಲ್ಕು ನಾಲ್ಕಾಗಿಯೂ ನಾಲ್ಕನ್ನು ಎರಡೆರಡಾಗಿಯೂ ಒಡೆಯುತ್ತಾ ಹೋದರೆ ನಾಲ್ಕನೆಯ ಪರೀಕ್ಷೆಗೆ ಒಂದೇ ಉಳಿಯುತ್ತದೆ. ಎರಡು ಆಡ್-ಆನ್‌ಗಳ ಜಗಳವೇ ಕಾರಣವಾಗಿದ್ದರೆ ಮಾತ್ರ ಈ ಉಪಾಯ ಕೈಕೊಡುತ್ತದೆ. ಆಗ ಒಂದೊಂದಾಗಿ ಹೊತ್ತಿಸುವ ಹಳೆಯ ಮಾರ್ಗವೇ ಲೇಸು.

ಬ್ರೌಸರು ನಿಧಾನವಾಗಿದೆ ಎಂಬುದಷ್ಟೇ ದೂರಾಗಿದ್ದರೆ, ವಿಂಡೋಸ್ ಯಂತ್ರದ ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ಯಾವ ಎಕ್ಸ್‌ಟೆನ್ಷನ್ ಎಷ್ಟು ಮೆಮರಿಯನ್ನು ಕಬಳಿಸುತ್ತಿದೆ ಎಂಬ ಲೆಕ್ಕ ಕಣ್ಣ ಮುಂದೆ ಬರುತ್ತದೆ.

ಅಳಿಸುವ ಆತುರ ಬೇಡ

2019ರ ಮೇ 4ರಂದು ಲೋಕದಾದ್ಯಂತ ಫೈರ್‌ಫಾಕ್ಸ್ ಬಳಸುತ್ತಿದ್ದವರ ಆಡ್-ಆನ್‌ಗಳು ಒಂದರ ಹಿಂದೊಂದು ನಿಂತುಹೋದವು. ಆಡ್-ಆನ್‌ಗಳು ಅಸಲಿಯೆಂದು ದೃಢಪಡಿಸುವ ಡಿಜಿಟಲ್ ಪ್ರಮಾಣಪತ್ರಗಳಲ್ಲೊಂದರ ಅವಧಿ ಮುಗಿದಿತ್ತು. ಅದನ್ನು ನವೀಕರಿಸುವುದು ಮೊಜಿಲ್ಲಾ ಸಂಸ್ಥೆಯವರಿಗೆ ತಪ್ಪಿಹೋಗಿತ್ತು. ಆಗ ಅವರು ಬಳಕೆದಾರರಿಗೆ ಕೊಟ್ಟ ಎಚ್ಚರಿಕೆ ಇದು: ಆಡ್-ಆನ್‌ಗಳನ್ನು ಅಳಿಸಿ ಮತ್ತೆ ಹಾಕಿಕೊಳ್ಳಬೇಡಿರಿ, ಅಳಿಸಿದರೆ ಅವು ಕೂಡಿಟ್ಟ ಮಾಹಿತಿಯೂ ಅಳಿದುಹೋಗುತ್ತದೆ. ದುರಸ್ತಾದ 66.0.4 ಆವೃತ್ತಿ ಮರುದಿನವೇ ಬಂದಿತು. ತಾಳಿಕೊಂಡವರಲ್ಲಿ ಬಹುತೇಕರು ಏನನ್ನೂ ಕಳೆದುಕೊಳ್ಳಲಿಲ್ಲ. ಆದುದರಿಂದ ಮೊದಲು ಆರಿಸಿರಿ. ದೋಷ ಖಚಿತವಾದ ಮೇಲೆ, ಅದರಲ್ಲಿರುವುದನ್ನು ಬೇರೆಡೆ ಉಳಿಸಿಕೊಂಡು, ಅನಂತರ ಅಳಿಸಿರಿ.

ಬೇಲಿಯೇ ಹೊಲ ಮೇಯ್ದಾಗ

ಪುಟ ತೆರೆಯದಿರುವುದು ಸಣ್ಣ ತೊಂದರೆ. ಅದಕ್ಕಿಂತ ದೊಡ್ಡ ಅಪಾಯವೊಂದಿದೆ. ಆಡ್-ಆನ್ ಹಾಕಿಕೊಳ್ಳುವಾಗ, ನೀವು ಭೇಟಿಕೊಡುವ ಎಲ್ಲ ತಾಣಗಳ ಮಾಹಿತಿಯನ್ನು ಓದಲು ಮತ್ತು ಬದಲಿಸಲು ಅದು ಅನುಮತಿ ಬೇಡುವುದುಂಟು. ಅವಸರದಲ್ಲಿ ಒಪ್ಪಿಗೆ ಒತ್ತಿಬಿಡುತ್ತೇವೆ. ಆ ಎಲ್ಲ ತಾಣಗಳಲ್ಲಿ ಅಂಚೆಪೆಟ್ಟಿಗೆಯೂ ಸೇರಿದೆ, ಬ್ಯಾಂಕಿನ ಖಾತೆಯೂ ಸೇರಿದೆ.

‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಎಕ್ಸ್‌ಟೆನ್ಷನ್ ತೆರೆದಿಟ್ಟ ಪುಟಗಳನ್ನು ಮಲಗಿಸಿ ಮೆಮರಿಯನ್ನು ಉಳಿಸುತ್ತಿತ್ತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ನಂಬಿದ್ದರು. 2020ರಲ್ಲಿ ಅದನ್ನು ರಚಿಸಿದವರು ಅದನ್ನು ಪರರಿಗೆ ಮಾರಿದರು. ಹೆಸರು ಅದೇ, ಗುರುತು ಅದೇ. ಒಡೆಯ ಮಾತ್ರ ಬೇರೆ. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಕಿಡಿಗೇಡಿ ಪ್ರೋಗ್ರಾಮೆಂದು ಸಾರಿ ತನ್ನ ಅಂಗಡಿಯಿಂದ ತೆಗೆದುಹಾಕಿತು. ಹಾಕಿಕೊಂಡಿದ್ದವರ ಬ್ರೌಸರಿನಲ್ಲಿಯೂ ಅದನ್ನು ನಿಲ್ಲಿಸಿತು. ನೆರೆಮನೆಯ ಸಜ್ಜನರಿಗೆ ಕೊಟ್ಟಿದ್ದ ಬೀಗದ ಕೈ, ಅವರು ಮನೆ ಮಾರಿಹೋದ ಮೇಲೆ ಅಪರಿಚಿತರ ಪಾಲಾದಂತೆ ಇದಾಯಿತು.

ಇಂಥದು ನಿಮ್ಮಲ್ಲಿ ಸೇರಿಕೊಂಡಿದೆಯೆಂಬ ಶಂಕೆ ಬಂದರೆ, ಅದನ್ನು ಅಳಿಸಿದ ಮೇಲೆ ಬ್ಯಾಂಕು ಮತ್ತು ಇಮೇಲಿನ ಪಾಸ್‌ವರ್ಡುಗಳನ್ನು ಬದಲಿಸಿ, ಬೇರೆಡೆ ತೆರೆದಿರುವ ಲಾಗಿನ್‌ಗಳನ್ನೆಲ್ಲ ಮುಚ್ಚಿಸುವುದು ಅಗತ್ಯ.

ಯುಗಾದಿಗೂ ದೀಪಾವಳಿಗೂ ಮನೆಯ ಅಟ್ಟವನ್ನು ಗುಡಿಸಿ ಬೇಡದ್ದನ್ನು ಹೊರಹಾಕುವುದು ನಮ್ಮಲ್ಲಿ ವಾಡಿಕೆ. ಅಂದೇ ಹತ್ತು ನಿಮಿಷ ಬ್ರೌಸರಿನ ಮುಂದೆಯೂ ಕುಳಿತು ಆಡ್-ಆನ್‌ಗಳ ಪಟ್ಟಿಯನ್ನು ಓದಿರಿ. ಒಂದೊಂದನ್ನೂ ಕುರಿತು ಮೂರು ಪ್ರಶ್ನೆ ಕೇಳಿಕೊಳ್ಳಿರಿ: ಇದನ್ನು ತಂದವರಾರು? ಕಳೆದ ಆರು ತಿಂಗಳಲ್ಲಿ ಇದರಿಂದ ಉಪಯೋಗವಾಯಿತೆ? ಇದು ಕೇಳಿರುವ ಅನುಮತಿ ಇದರ ಕೆಲಸಕ್ಕೆ ತಕ್ಕುದೆ? ಮೂರಕ್ಕೂ ಸಮಾಧಾನಕರವಾದ ಉತ್ತರ ಸಿಕ್ಕಿದ್ದನ್ನು ಮಾತ್ರ ಉಳಿಸಿಕೊಳ್ಳಿರಿ, ಉಳಿದುದನ್ನು ಕಳುಹಿಸಿಕೊಡಿರಿ.