ಫಲಕ ನೋಡಿ ಮಗುವನ್ನು ಒಪ್ಪಿಸುವ ಮುನ್ನ

ಪುತ್ತೂರು: ಎರಡು ವರ್ಷ ತುಂಬಿದರೂ ಮಗು ಎರಡು ಪದ ಜೋಡಿಸಿ ಮಾತನಾಡುತ್ತಿಲ್ಲ, ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿಲ್ಲ ಎಂದಾದರೆ ಕಾಯುವುದು ತರವಲ್ಲ ಎನ್ನುವುದು ಮಕ್ಕಳ ತಜ್ಞರ ನಿಲುವು. 'ಅದರ ಅಪ್ಪನೂ ತಡವಾಗಿಯೇ ಮಾತನಾಡಿದ್ದ' ಎಂಬ ಹಿರಿಯರ ಸಮಾಧಾನದಲ್ಲಿ ಅಮೂಲ್ಯವಾದ ಒಂದೆರಡು ವರ್ಷ ಕಳೆದುಹೋಗುತ್ತದೆ. ಎಂಡೋಸಲ್ಫಾನ್ ಸಂತ್ರಸ್ತ ಕುಟುಂಬಗಳನ್ನು ಕಂಡಿರುವ ಈ ಭಾಗದಲ್ಲಿ ಅಂಗವೈಕಲ್ಯ ಅಪರಿಚಿತವಲ್ಲ. ಆದರೆ ಮಗುವನ್ನು ಯಾರ ಕೈಗೆ ಒಪ್ಪಿಸಬೇಕು ಎಂಬ ಪ್ರಶ್ನೆಗೆ ಪುತ್ತೂರು, ಸುಳ್ಯ, ಕಡಬದ ಪೋಷಕರಿಗೆ ಉತ್ತರ ಸುಲಭವಾಗಿ ಸಿಗುವುದಿಲ್ಲ.

ಮೊದಲ ಬಾಗಿಲು ಅಂಗನವಾಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯಕೀಯ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡಬೇಕು. ಸಂಶಯ ಬಂದ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಪ್ರವೇಶ ಕೇಂದ್ರಕ್ಕೆ ಕಳುಹಿಸಲಾಗುತ್ತದೆ.

ಖಾಸಗಿ ಕೇಂದ್ರವಾದರೆ ಕಟ್ಟಡಕ್ಕಿಂತ ಮುಖ್ಯವಾದುದು ಮಗುವಿನೊಂದಿಗೆ ಕೂರುವ ವ್ಯಕ್ತಿ. ವಾಕ್ ಚಿಕಿತ್ಸಕರು, ವಿಶೇಷ ಶಿಕ್ಷಕರು, ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಹೊಂದಿರಬೇಕೆಂದು 1992ರ ಕಾಯ್ದೆ ಹೇಳುತ್ತದೆ. ನೋಂದಣಿ ಸಂಖ್ಯೆ ಕೇಳುವುದು ಅವಮಾನವೇನಲ್ಲ. ಅರ್ಹರು ಅದನ್ನು ಗೋಡೆಯ ಮೇಲೆಯೇ ತೂಗುಹಾಕಿರುತ್ತಾರೆ. ಆಕ್ಯುಪೇಶನಲ್ ಥೆರಪಿಸ್ಟ್‌ಗಳು ಈ ಪರಿಷತ್ತಿಗೆ ಸೇರುವುದಿಲ್ಲ. ಅವರ ಪದವಿಯನ್ನು ಪ್ರತ್ಯೇಕವಾಗಿ ವಿಚಾರಿಸಬೇಕು.

ಎರಡನೆಯದಾಗಿ, ಬರಹದಲ್ಲಿ ಗುರಿ ಇದೆಯೇ? 'ಸುಧಾರಣೆ ಆಗುತ್ತದೆ' ಎಂಬ ಮಾತು ಸಾಲದು. ಮೂರು ತಿಂಗಳೊಳಗೆ ಮಗು ತಾನೇ ಲೋಟ ಹಿಡಿದು ನೀರು ಕುಡಿಯಬೇಕು, ಬೇಕಾದುದನ್ನು ಬೆರಳು ತೋರಿಸಿ ಕೇಳಬೇಕು ಎಂಬಂತಹ ಅಳೆಯಬಹುದಾದ ಗುರಿ ಇರಬೇಕು. ತಾಯಿಯನ್ನು ಹೊರಗೆ ಕೂರಿಸಿ ಬಾಗಿಲು ಹಾಕುವ ಕೇಂದ್ರದ ಬಗ್ಗೆ ಎಚ್ಚರ ಅಗತ್ಯ. ವಾರಕ್ಕೆರಡು ಬಾರಿ ಮುಕ್ಕಾಲು ಗಂಟೆ ಕಲಿತದ್ದು ಉಳಿಯುವುದು ಮನೆಯಲ್ಲಿ ಅದನ್ನೇ ಮುಂದುವರಿಸಿದಾಗ. ಸುಬ್ರಹ್ಮಣ್ಯದ ಕಡೆಯಿಂದ ಪುತ್ತೂರಿಗೆ ಬಸ್ಸಿನಲ್ಲಿ ಬರುವ ಕುಟುಂಬಕ್ಕೆ ಒಂದು ಭೇಟಿಯೆಂದರೆ ಒಂದು ದಿನದ ಕೂಲಿ ನಷ್ಟ. ಅಂಥವರಿಗೆ ಮನೆಯಲ್ಲಿ ಮಾಡಿಸಬೇಕಾದುದನ್ನು ಕಲಿಸಿಕೊಡುವ ಚಿಕಿತ್ಸಕರೇ ಮೇಲು.

ಭಾಷೆಯ ಪ್ರಶ್ನೆಯೂ ಇಲ್ಲಿ ಸಣ್ಣದಲ್ಲ. ತುಳು, ಅರೆಭಾಷೆ, ಬ್ಯಾರಿ, ಹವ್ಯಕ ಕನ್ನಡದ ಮನೆಗಳಿಗೆ 'ಇನ್ನು ಇಂಗ್ಲಿಷಿನಲ್ಲೇ ಮಾತನಾಡಿ' ಎಂಬ ಸಲಹೆ ಕೊಡುವವರಿದ್ದಾರೆ. ಎರಡು ಭಾಷೆ ಕೇಳುವುದರಿಂದ ಇಂತಹ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎನ್ನಲು ಆಧಾರ ಸಿಕ್ಕಿಲ್ಲ. ಅಜ್ಜಿಯ ತುಳುವನ್ನು ಕಿತ್ತುಕೊಂಡರೆ ಮಗುವಿಗೆ ಮಾತನಾಡಿಸುವ ಒಂದು ಜೀವ ಕಡಿಮೆಯಾದಂತೆ, ಅಷ್ಟೇ.

ಆಟಿಸಂ ಸಂಪೂರ್ಣ ಗುಣಪಡಿಸುವ ಭರವಸೆ ಕೊಡುವವರಿಂದ ದೂರವಿರುವುದು ಲೇಸು. ಆಟಿಸಂಗೆ ಕಾಂಡಕೋಶ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲಿ ಸ್ಪಷ್ಟಪಡಿಸಿದೆ. ಆದರೂ ಒಡವೆ ಅಡವಿಟ್ಟು ಹಣ ಹೊಂದಿಸಲು ಮುಂದಾಗುವ ಪೋಷಕರಿದ್ದಾರೆ.

ಖರ್ಚಿಗೆ ದಾರಿಯೂ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಹಾಗೂ ಬಹುವಿಧ ಅಂಗವೈಕಲ್ಯವುಳ್ಳವರಿಗೆ ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ನೀಡುತ್ತದೆ. ಥೆರಪಿ ವೆಚ್ಚಕ್ಕೂ ಅದರಲ್ಲಿ ಅವಕಾಶವಿದೆ. ಇದಕ್ಕೆ ಅಂಗವೈಕಲ್ಯ ಪ್ರಮಾಣಪತ್ರ ಕಡ್ಡಾಯವಾದ್ದರಿಂದ ಥೆರಪಿಯ ಪ್ರತಿಯೊಂದು ರಸೀದಿಯ ಜೊತೆಗೆ ಆ ಪತ್ರವನ್ನೂ ಜೋಪಾನವಾಗಿಡಬೇಕು.