ಗಾಜು ಮತ್ತು ಗ್ಲಾಸು: ಒಂದು ಅರ್ಥವಿಚಾರ

ಸಕಲೇಶಪುರ–ಆಲೂರು ಭಾಗದ ಮಲೆನಾಡಿನ ಆಡುಮಾತಿನಲ್ಲಿ, ಕನ್ನಡನಾಡಿನ ಇತರೆಡೆಗಳಂತೆಯೇ, ‘ಗಾಜು’ ಮತ್ತು ‘ಗ್ಲಾಸು’ ಎಂಬೆರಡು ಪದಗಳು ಒಟ್ಟಿಗೆ ಬಳಕೆಯಲ್ಲಿವೆ. ಇಂಗ್ಲಿಷಿನಲ್ಲಿ ಈ ಎರಡೂ ಅರ್ಥಗಳಿಗೆ ಒಂದೇ ಪದವಿದೆ. ಹಾಗಿದ್ದಲ್ಲಿ ‘ಗ್ಲಾಸು’ ಕನ್ನಡಕ್ಕೆ ಅನಗತ್ಯವಾದ ಎರವಲೇ ಎಂಬುದು ವಿಚಾರಾರ್ಹ.

‘ಗಾಜು’ ಸಂಸ್ಕೃತದ ‘ಕಾಚ’ ಶಬ್ದದ ತದ್ಭವ. ಪದಾದಿಯ ಕಕಾರವು ಗಕಾರವಾಗಿ, ಪದಮಧ್ಯದ ಚಕಾರವು ಜಕಾರವಾಗಿ, ಕೊನೆಗೆ ಉಕಾರ ಬಂದು ಈ ರೂಪ ಸಿದ್ಧಿಸಿದೆ. ತೆಲುಗಿನಲ್ಲಿ ‘ಗಾಜು’ ಬಳೆಯನ್ನೂ ಸೂಚಿಸುತ್ತದೆ. ಕನ್ನಡದಲ್ಲಾದರೋ ಅದು ‘ಗಾಜಿನ ಬಳೆ’, ‘ಲಾಟೀನಿನ ಗಾಜು’ ಮುಂತಾದ ಪ್ರಯೋಗಗಳಲ್ಲಿ ದ್ರವ್ಯವಾಚಿಯಾಗಿಯೇ ಉಳಿದಿದೆ. 2021ರಲ್ಲಿ ಸಕಲೇಶಪುರ ಮಾರ್ಗದ ಬೆಂಗಳೂರು–ಮಂಗಳೂರು ರೈಲಿಗೆ ವಿಸ್ಟಾಡೋಮ್ ಬೋಗಿಗಳನ್ನು ಜೋಡಿಸಿದಾಗ ಅವುಗಳ ಛಾವಣಿಯನ್ನು ವರ್ಣಿಸಲು ಒದಗಿದ್ದೂ ಈ ಹಳೆಯ ಪದವೇ.

‘ಗ್ಲಾಸು’ ಹಿಡಿದ ದಾರಿ ಬೇರೆ. ಕಾಫಿ ತೋಟದ ಲೈನ್ ಮನೆಗಳಲ್ಲಿಯೂ ಪೇಟೆಯ ಹೋಟೆಲುಗಳಲ್ಲಿಯೂ ‘ಸ್ಟೀಲ್ ಗ್ಲಾಸು’ ಎಂಬ ಮಾತು ಯಾರಿಗೂ ವಿರೋಧವಾಗಿ ತೋರದು. ಇಲ್ಲಿ ದ್ರವ್ಯದ ಅರ್ಥ ಸಂಪೂರ್ಣ ಕಳಚಿದ್ದು, ಆಕಾರ ಮತ್ತು ಉಪಯೋಗಗಳಷ್ಟೇ ಉಳಿದಿವೆ. ‘ಅರ್ಧ ಗ್ಲಾಸು ಹಾಲು’ ಎಂಬಲ್ಲಿ ಅದು ಅಳತೆಯ ಪದವೂ ಆಗಿದೆ. ಇದಕ್ಕೂ ಮೊದಲು ಪಾರಸಿಯ ‘ಶೀಶಾ’ ಇದೇ ದಾರಿಯಲ್ಲಿ ಸಾಗಿತ್ತು. ಮೂಲದಲ್ಲಿ ಗಾಜೆಂಬ ಅರ್ಥವುಳ್ಳ ಆ ಪದ ಕನ್ನಡದಲ್ಲಿ ‘ಸೀಸೆ’ಯಾಗಿ ಪಾತ್ರೆಯನ್ನು ಮಾತ್ರ ಸೂಚಿಸುತ್ತದೆ.

ಇಂತಹ ಅರ್ಥವಿಭಜನೆ ಕನ್ನಡಕ್ಕಷ್ಟೇ ಸೀಮಿತವಲ್ಲ. ದೂರದ ಐಸ್‌ಲ್ಯಾಂಡಿನ ಭಾಷೆಯಲ್ಲಿ ಗಾಜೆಂಬ ದ್ರವ್ಯಕ್ಕೆ ‘ಗ್ಲೆರ್’ ಎಂದೂ ಕುಡಿಯುವ ಪಾತ್ರೆಗೆ ‘ಗ್ಲಾಸ್’ ಎಂದೂ ಹೆಸರು. ಮೊದಲನೆಯದು ಆ ಭಾಷೆಗೆ ಪರಂಪರೆಯಿಂದ ಬಂದ ಪದ. ಪ್ರಾಚೀನ ಜರ್ಮಾನಿಕ್ ರೂಪದ ಜಕಾರಸದೃಶ ಧ್ವನಿ ಅಲ್ಲಿ ರೇಫವಾಗಿದೆ. ಎರಡನೆಯದು ಅದೇ ಮೂಲದಿಂದ ಹುಟ್ಟಿ, ಮಧ್ಯಯುಗದ ಕೆಳ ಜರ್ಮನ್ ಭಾಷೆಯ ಮೂಲಕ ಎರವಲಾಗಿ ಬಂದದ್ದು. ಅಲ್ಲಿಯೂ ಹಳೆಯ ಪದಕ್ಕೆ ದ್ರವ್ಯ, ಎರವಲಿಗೆ ಪಾತ್ರೆ. ಕನ್ನಡದಲ್ಲಿ ‘ಕಣ್’ ಶಬ್ದವನ್ನೊಳಗೊಂಡ ‘ಕನ್ನಡಕ’ವಿರುವಂತೆ, ಅಲ್ಲಿ ಕನ್ನಡಕಕ್ಕೆ ‘ಗಾಜುಗಣ್ಣು’ ಎಂಬರ್ಥದ ಸಮಾಸಪದವಿರುವುದೂ ಗಮನಾರ್ಹ.

ಆದುದರಿಂದ ‘ಗ್ಲಾಸು’ ‘ಗಾಜ’ನ್ನು ಪಲ್ಲಟಗೊಳಿಸಿತೆನ್ನಲು ಆಧಾರವಿಲ್ಲ. ಎರಡೂ ಅರ್ಥಕ್ಷೇತ್ರವನ್ನು ಹಂಚಿಕೊಂಡಿವೆ. ಎರವಲು ಪದಗಳನ್ನು ಭಾಷೆಯ ಕೇಡೆಂದು ಎಣಿಸುವವರು, ಅಚ್ಚಗನ್ನಡವೆಂಬಂತೆ ಬಳಕೆಯಲ್ಲಿರುವ ‘ಗಾಜು’ ಸಹ ಒಂದು ಕಾಲದಲ್ಲಿ ಹೊರಗಿನಿಂದಲೇ ಬಂದುದೆಂಬುದನ್ನು ಗಮನಿಸಬೇಕಾಗುತ್ತದೆ.