ಹುಮನಾಬಾದಿನ ಬೀದಿಯಲ್ಲಿ ವೀರಭದ್ರನ ವೇಷ

ಜನವರಿಯ ಚಳಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆ ಒದಗಿತೆಂದರೆ, ಉದರಭರಣಕ್ಕಾಗಿ ಹೈದರಾಬಾದು, ಪುಣೆ, ಮುಂಬಯಿಗಳನ್ನು ಸೇರಿದ ಬಸವಕಲ್ಯಾಣ-ಹುಮನಾಬಾದು ಸೀಮೆಯ ಮಕ್ಕಳು ಊರ ದಾರಿ ಹಿಡಿಯುವರು. ಹಲವರಿಗೆ ದರ್ಶನಮಾತ್ರದಿಂದಲೇ ತೃಪ್ತಿ. ವೀರಭದ್ರನ ವೇಷಧಾರಿಗಳಾದ ಪುರವಂತರ ಮನೆತನದವರಿಗಾದರೋ ವೇಷ ಧರಿಸಿ ದೇವರ ಮುಂದೆ ಹೆಜ್ಜೆ ಹಾಕದೆ ಜಾತ್ರೆಯೇ ಸಲ್ಲದು.

ದಕ್ಷನು ಶಿವನಿಗೆ ಹವಿರ್ಭಾಗವನ್ನು ನಿರಾಕರಿಸಿ ಯಜ್ಞವನ್ನು ಹೂಡಿದಾಗ, ಅವಮಾನಿತೆಯಾದ ಸತಿಯು ದೇಹತ್ಯಾಗ ಮಾಡಲು, ರುದ್ರನ ಜಟೆಯಿಂದ ಉದ್ಭವಿಸಿದ ವೀರಭದ್ರನು ಆ ಯಜ್ಞವನ್ನು ಧ್ವಂಸಗೈದ ಕಥೆಯೇ ಪುರವಂತನ ನಡೆಗೂ ನುಡಿಗೂ ಮೂಲ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಕಾಲಲ್ಲಿ ಗೆಜ್ಜೆ, ಎದೆಯ ಮೇಲೆ ದೇವರ ಮುಖವುಳ್ಳ ಲೋಹದ ಹಲಗೆ, ಕೈಯಲ್ಲಿ ಖಡ್ಗ: ಇಷ್ಟನ್ನು ಧರಿಸಿದ ಕ್ಷಣದಿಂದ ಆತನು ನೆರೆಮನೆಯ ಪರಿಚಿತನಲ್ಲ, ಹಿರಿಯರೂ ಕೈಮುಗಿಯುವರು. ಗಲ್ಲಕ್ಕೆ ಶಸ್ತ್ರ ಚುಚ್ಚಿಕೊಳ್ಳುವುದನ್ನೇ ಪರಸ್ಥಳದವರು ನೆನಪಿನಲ್ಲಿಡುವುದು ಸಹಜವಾದರೂ, ನನ್ನ ಮಟ್ಟಿಗೆ ಪುರವಂತಿಕೆಯ ಪ್ರಾಣವಿರುವುದು ಒಡಪಿನಲ್ಲಿ. ವಾದ್ಯವು ತಟಕ್ಕನೆ ನಿಂತಾಗ, ಒಂದೇ ಉಸಿರಿನಲ್ಲಿ, ಪ್ರಾಸದ ಮೇಲೆ ಪ್ರಾಸವನ್ನೇರಿಸಿ ಆತನು ವೀರಭದ್ರನ ಪ್ರತಾಪವನ್ನು ಘೋಷಿಸುವ ಪರಿ ಅನ್ಯಾದೃಶವಾದುದು. ತೆಂಕಣ ನಾಡಿನ ವೀರಗಾಸೆ ಇದರ ಸೋದರಕಲೆ.

ವೇಷ ಹಾಕುವ ಹಂಬಲವು ಈ ಸೀಮೆಯಲ್ಲಿ ಒಂದೇ ಮತಕ್ಕೆ ಸೇರಿದುದೂ ಅಲ್ಲ. ಕಲ್ಯಾಣ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮೊಹರಂ ಬಂದಾಗ ಹಿಂದೂಗಳೂ ಹರಕೆ ಹೊತ್ತು, ಮೈಗೆ ಹುಲಿಯ ಬಣ್ಣ ಬಳಿದುಕೊಂಡು, ಹಲಗೆವಾದ್ಯದ ಬಡಿತಕ್ಕೆ ಅಲಾಯಿಯ ಬೆಂಕಿಕುಣಿಯ ಸುತ್ತ ಕುಣಿಯುವರು. ಒಡಪನ್ನಾಗಲಿ ಈ ಹೆಜ್ಜೆಯನ್ನಾಗಲಿ ಕಲಿಸುವ ಶಾಲೆಯೆಂದರೆ ಮೆರವಣಿಗೆಯೇ. ಅಜ್ಜನ ಹಿಂದೆ ಮೊಮ್ಮಗನು ಗೆಜ್ಜೆ ಕಟ್ಟಿ ನಡೆಯುತ್ತ ಕಲಿಯುವನು. ಆದುದರಿಂದಲೇ, ಪರವೂರಿನಲ್ಲಿ ಬೆಳೆಯುತ್ತಿರುವ ಮಕ್ಕಳನ್ನು ಜಾತ್ರೆಗೆ ತಪ್ಪದೆ ಕರೆತರಬೇಕೆಂದು ಹಿರಿಯರು ಒತ್ತಾಯಿಸುತ್ತಾರೆ.